ಗಾಜಿನ ಒಳಬದಿ

ಜುಲೈ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುತ್ತಿದ್ದೆವು. ಅಪ್ಪನನ್ನು ಉಡುಪಿಯಲ್ಲಿ ಡಾಕ್ಟರಿಗೆ ತೋರಿಸಬೇಕಿತ್ತು. ಹಿಂದಿನ ಸೀಟಿನಲ್ಲಿ ಅಪ್ಪ, ಅಮ್ಮ, ಒದ್ದೆ ಕೊಡೆಗಳು. ಎರಡನೇ ತಿರುವಿನಲ್ಲೇ ಮುಂದಿನ ಗಾಜು ಮಸುಕಾಯಿತು. ಅಂಗೈಯಿಂದ ಒರೆಸಿದೆ, ಜಿಡ್ಡು ಹರಡಿ ಎದುರು ಬಂದ ಬಸ್ಸಿನ ದೀಪ ಇನ್ನಷ್ಟು ಕದಡಿತು. ಅಪ್ಪನಿಗೆ ಚಳಿಯಾದೀತೆಂದು ಎಸಿ ಆರಿಸಿ, ಒಳಗಿನ ಗಾಳಿಯನ್ನೇ ಸುತ್ತಿಸುತ್ತಿದ್ದೆ. ನಮ್ಮ ಉಸಿರಿನ ತೇವವೇ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂರುತ್ತಿತ್ತು.

“ಎಸಿ ಹಾಕೋ, ಹೊರಗಿನ ಗಾಳಿ ಬಿಡು. ನನಗೆ ಶಾಲು ಇದೆ,” ಅಂದರು ಅಪ್ಪ.

ಎಸಿ ತೇವ ಹೀರಿತು. ಗಾಳಿಯನ್ನು ಗಾಜಿನತ್ತ ತಿರುಗಿಸಿದೆ. ತುಸು ಹೊತ್ತಿಗೆ ರಸ್ತೆ ಕಂಡಿತು.

ಈಗ ಮಳೆಗಾಲಕ್ಕೆ ಮೊದಲೇ ಗಾಜಿನ ಒಳಬದಿಯ ಜಿಡ್ಡು ತೆಗೆಯುತ್ತೇನೆ, ಒದ್ದೆ ಕೊಡೆಯನ್ನು ಡಿಕ್ಕಿಗೆ ಹಾಕುತ್ತೇನೆ. ಈ ವರ್ಷ ಒಬ್ಬನೇ ಘಾಟಿ ಇಳಿದೆ. ಗಾಜು ಮಸುಕಾಗಲೇ ಇಲ್ಲ. ನನ್ನ ಎಚ್ಚರಿಕೆಯಿಂದಲೋ, ಹಿಂದಿನ ಸೀಟು ಖಾಲಿಯಿದ್ದುದರಿಂದಲೋ.