14 ವರ್ಷದ ಲೆಕ್ಕ

ನಮ್ಮ ಹಾಸ್ಟೆಲ್ ರೂಮಿನ ಮೂವರಿಗೂ ಒಂದು ಚಟ ಇದೆ. ಲ್ಯಾಬ್ ರೆಕಾರ್ಡ್ ಬರೆಯೋದು ಬಿಟ್ಟು ಫೋನಲ್ಲಿ ಮಾಂಗಾ ಓದೋದು. ಹೊಡೆದಾಟದ ಮಾಂಗಾ ಅಲ್ಲ. ಜಪಾನಿನಲ್ಲಿ ದೊಡ್ಡ ಹೆಂಗಸರಿಗೆ ಅಂತಲೇ ಬೇರೆ ಪತ್ರಿಕೆಗಳಿವೆ, ಅವುಗಳಲ್ಲಿ ಬರೋ ಕಥೆಗಳಿಗೆ ಜೋಸೇ ಅಂತಾರೆ. ಅವುಗಳ ನಾಯಕಿಯರು ಸ್ಕೂಲಿಗೆ ಹೋಗೋದಿಲ್ಲ, ಆಫೀಸಿಗೆ ಹೋಗ್ತಾರೆ. ಬಾಸ್ ಹತ್ತಿರ ಬೈಸಿಕೊಂಡು ಸುಸ್ತಾಗಿ ಮನೆಗೆ ಬರ್ತಾರೆ.

ಅದರಲ್ಲೂ ವಯಸ್ಸಿನ ಅಂತರದ ಪ್ರೇಮಕಥೆ ಅಂದ್ರೆ ನಮಗೆ ಪ್ರಾಣ. ಯಾಯೊಯಿ ಒಗಾವಾ ಬರೆದ 'ಕಿಮಿ ವಾ ಪೆಟ್ಟೊ'ದಲ್ಲಿ ನಾಯಕಿ ಪತ್ರಕರ್ತೆ, ಹುಡುಗ ಅವಳಿಗಿಂತ ಚಿಕ್ಕವನಾದ ಡ್ಯಾನ್ಸರ್. ಕೆಯ್ಕೊ ನಿಶಿ ಬರೆದ 'ಒತೊಕೊ ನೊ ಇಶ್ಶೊ' ಇದಕ್ಕೆ ಉಲ್ಟಾ. ಹೆಸರಿನ ಅರ್ಥ 'ಗಂಡಸೊಬ್ಬನ ಬಾಳು'. 2008ರಿಂದ 2012ರವರೆಗೆ 'ಫ್ಲವರ್ಸ್' ಅನ್ನೋ ಪತ್ರಿಕೆಯಲ್ಲಿ ಬಂದು, 2015ರಲ್ಲಿ ಸಿನಿಮಾನೂ ಆಯ್ತು. ಮೂವತ್ತು ದಾಟಿದ ತ್ಸುಗುಮಿ ತೀರಿಕೊಂಡ ಅಜ್ಜಿಯ ಹಳ್ಳಿಮನೆಗೆ ಬರ್ತಾಳೆ. ಅಲ್ಲಿ ನೋಡಿದ್ರೆ 51 ವರ್ಷದ ಫಿಲಾಸಫಿ ಪ್ರೊಫೆಸರ್ ಒಬ್ಬ ಆಗಲೇ ಬಂದು ಕೂತಿದ್ದಾನೆ. ಅವನು ಹಿಂದೊಮ್ಮೆ ಅವಳ ಅಜ್ಜಿಯನ್ನೇ ಪ್ರೀತಿಸಿದ್ದವನು. ಇದನ್ನ ಓದಿ ಮೂವರೂ ಅತ್ತಿದ್ದೇವೆ. ಮಾರನೇ ದಿನ ಎಂಟು ಗಂಟೆ ಕ್ಲಾಸಿಗೆ ಊದಿದ ಕಣ್ಣಲ್ಲೇ ಹೋಗಿದ್ದೇವೆ.

ಇಂಥ ಕಥೆ ಕನ್ನಡದಲ್ಲಿಲ್ಲ ಅಂತ ನಮ್ಮ ಭಾವನೆ. ಆಮೇಲೆ ನೆನಪಾಯ್ತು, 'ಜೊತೆ ಜೊತೆಯಲಿ'! 2019ರಲ್ಲಿ ಜೀ ಕನ್ನಡದಲ್ಲಿ ಶುರುವಾದಾಗ ನಾವು ಎಂಟನೇ ಕ್ಲಾಸು. ಅನಿರುದ್ಧ ಮಾಡಿದ್ದ ಆರ್ಯವರ್ಧನ್‌ಗೆ 45, ಮೇಘಾ ಶೆಟ್ಟಿ ಮಾಡಿದ್ದ ಅನು ಸಿರಿಮನೆಗೆ 20. ಮರಾಠಿಯ 'ತುಲಾ ಪಾಹತೇ ರೇ' ಧಾರಾವಾಹಿಯ ರೀಮೇಕ್ ಅದು. ನಮ್ಮ ಮೂರು ಊರಿನ ಮೂರು ಮನೆಗಳಲ್ಲೂ ಒಂದೇ ಮಾತು, "ಅಪ್ಪನ ವಯಸ್ಸಿನೋನು, ಥೂ." ಹಾಗಂತ ಒಂದು ಎಪಿಸೋಡೂ ತಪ್ಪಿಸ್ತಿರಲಿಲ್ಲ.

ಈಗ ಯೋಚಿಸಿದ್ರೆ ಆ ಕಥೆಯಲ್ಲಿ ನಮಗೆ ಒಂದು ತಕರಾರಿದೆ. ಮುಂದೆ ಹೋಗ್ತಾ ಅನು ಬೇರೆ ಯಾರೂ ಅಲ್ಲ, ಆರ್ಯನ ಸತ್ತುಹೋದ ಹೆಂಡತಿ ರಾಜನಂದಿನಿಯ ಮರುಜನ್ಮ ಅಂತ ಬರುತ್ತೆ. ಅಲ್ಲಿಗೆ 25 ವರ್ಷದ ಅಂತರ ಮಾಯ. ಇಪ್ಪತ್ತರ ಹುಡುಗಿಯೊಬ್ಬಳು ನಲವತ್ತೈದರವನನ್ನ ತಾನಾಗಿ ಇಷ್ಟಪಟ್ಟಳು ಅಂದ್ರೆ ನಾವು ಒಪ್ಪಲ್ಲ. ಹಿಂದಿನ ಜನ್ಮದ ಋಣ ಅಂದ್ರೆ ಸರಿ. ಜಪಾನಿನ ತ್ಸುಗುಮಿಗೆ ಈ ಅನುಕೂಲ ಇಲ್ಲ. ಅವಳು ಈ ಜನ್ಮದಲ್ಲೇ, ತನ್ನದೇ ತಲೆ ಓಡಿಸಿ, ಬೇಕೋ ಬೇಡವೋ ಅಂತ ತೀರ್ಮಾನಿಸಬೇಕು. ಇದೇ ಸರಿಯಾದ ಪಾಯಿಂಟು ಅಂತ ಬೀಗಿ, ಈ ಪತ್ರಿಕೆಗೆ ಅದನ್ನೇ ಬರೆಯೋಣ ಅಂತಿದ್ದೆವು. ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು.

ನಮ್ಮಲ್ಲೊಬ್ಬಳ ಅಜ್ಜಿ ಚಾಮರಾಜಪೇಟೆಯಲ್ಲಿದ್ದಾರೆ. ಈಗ ಅವರು ಮೂವರಿಗೂ ಅಜ್ಜಿ. ಹಬ್ಬದ ಹಿಂದಿನ ದಿನ ಬೆಳಗ್ಗೆ ಐದಕ್ಕೆಲ್ಲ ನಮ್ಮನ್ನ ಎಬ್ಬಿಸಿ, ಕೈಗೊಂದು ಚೀಲ ಕೊಟ್ಟು, ಕೆ.ಆರ್. ಮಾರ್ಕೆಟ್‌ಗೆ ಹೊರಡಿಸಿದರು. ನಡೆದೇ ಹೋದೆವು. ಕೋಟೆ ವೆಂಕಟರಮಣ ಸ್ವಾಮಿ ದೇವಸ್ಥಾನ ದಾಟೋ ಹೊತ್ತಿಗೆ ಅಜ್ಜಿಗೆ ತ್ಸುಗುಮಿ ಕಥೆ ಪೂರ್ತಿ ಹೇಳಿ ಮುಗಿಸಿದ್ದೆವು. ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ.

"ಇದರಲ್ಲಿ ಕಥೆ ಏನಿದೆ?"

"ಅಜ್ಜಿ, ಅವನಿಗೆ 51!"

"ನನಗೆ 19, ನಿಮ್ಮ ತಾತನಿಗೆ 33. ಯಾರೂ ಪುಸ್ತಕ ಬರೀಲಿಲ್ಲ."

ಮದುವೆ ಆಗಿದ್ದು 1972ರಲ್ಲಿ. ನಿಮ್ಮನ್ನ ಕೇಳಿದ್ರಾ ಅಂದ್ವಿ. "ಏನಂತ ಕೇಳೋದು? ಬಂದರು, ಉಪ್ಪಿಟ್ಟು ತಿಂದರು, ಹೋದರು. ಸರ್ಕಾರಿ ಕೆಲಸ ಇತ್ತು. ಆಮೇಲೆ ಲಗ್ನಪತ್ರಿಕೆ ಪ್ರಿಂಟಾಯ್ತು."

ನಾವು ಸುಮ್ಮನಾದೆವು. ನಮಗೂ ಈಗ 19. ಆರ್ಯವರ್ಧನ್‌ನ ನೋಡಿ ಥೂ ಅಂದ ಮನೆಗಳಲ್ಲೇ ಅಜ್ಜಿ ತಾತಂದಿರ ನಡುವೆ ಇಷ್ಟೇ ಅಂತರ ಇತ್ತು, ಯಾರೂ ಥೂ ಅಂದಿರಲಿಲ್ಲ. ಇವತ್ತಿಗೂ ಕಾನೂನು ಹುಡುಗಿಗೆ 18, ಹುಡುಗನಿಗೆ 21 ಅನ್ನುತ್ತೆ. ಅಂದ್ರೆ ಗಂಡ ದೊಡ್ಡವನಿರಬೇಕು ಅನ್ನೋದು ಯಾರಿಗೂ ವಿಚಿತ್ರ ಅಲ್ಲವೇ ಅಲ್ಲ. ಅನು ಮಾಡಿದ ತಪ್ಪು ದೊಡ್ಡವನನ್ನ ಮದುವೆಯಾಗಿದ್ದಲ್ಲ, ತಾನೇ ಆರಿಸಿಕೊಂಡಿದ್ದು.

"ಮತ್ತೆ ತಾತನ್ನ ಪ್ರೀತಿ ಮಾಡಿದ್ರಾ?" ಅಂತ ನಮ್ಮಲ್ಲೊಬ್ಬಳು ಕೇಳಿಯೇಬಿಟ್ಟಳು. ಬೈತಾರೆ ಅಂದುಕೊಂಡೆವು. ಅಜ್ಜಿ ರಸ್ತೆ ದಾಟೋದರಲ್ಲೇ ಗಮನ ಇಟ್ಟು ಹೇಳಿದರು, "ಮಾಡಿದೆ. ಹತ್ತು ವರ್ಷ ಹಿಡೀತು." ಆಮೇಲೆ ಅವರೇ ಮುಂದುವರಿಸಿದರು. ತಾತ ಆಫೀಸಿಂದ ಬರ್ತಾ ಮಾರ್ಕೆಟ್‌ನಲ್ಲಿ ಇಳಿದು ಒಂದು ಮೊಳ ಮಲ್ಲಿಗೆ ತರ್ತಿದ್ದರಂತೆ. ಕೈಗೆ ಕೊಡ್ತಿರಲಿಲ್ಲ. ಅಡುಗೆಮನೆ ಕಿಟಕಿ ಕಟ್ಟೆ ಮೇಲೆ ಇಟ್ಟು, ಏನೂ ಹೇಳದೆ ಪೇಪರ್ ಓದೋಕೆ ಹೋಗ್ತಿದ್ದರಂತೆ. 32 ವರ್ಷ ಹಾಗೇ ನಡೀತು. 2004ರಲ್ಲಿ ತಾತ ಹೋದರು. ಅವರಿಗೆ 65, ಅಜ್ಜಿಗೆ 51.

ಹಬ್ಬದ ಮುಂಚಿನ ಮಾರ್ಕೆಟ್ ನೋಡದವರು ಒಮ್ಮೆ ನೋಡಬೇಕು. ಹಳೇ ಕಟ್ಟಡದ ಮೇಲಿಂದ ಬಗ್ಗಿದ್ರೆ ಕೆಳಗೆ ಚೆಂಡುಹೂವು, ಸೇವಂತಿಗೆ, ಕನಕಾಂಬರ ಗುಡ್ಡೆ ಗುಡ್ಡೆ. ಹೂವಿನ ಮೂಟೆ ಹೊತ್ತವರು "ಸೈಡ್, ಸೈಡ್" ಅಂತ ನುಗ್ತಾರೆ. ಕಾಲಡಿಯಲ್ಲಿ ಬರೀ ಕೆಸರು, ಎಸಳು. ಹಬ್ಬ ಅಂದ್ರೆ ರೇಟೂ ಆಕಾಶಕ್ಕೆ. ಅಜ್ಜಿ ಮೂರು ಅಂಗಡಿ ವಿಚಾರಿಸಿ, ನಾಲ್ಕನೆಯದರಲ್ಲಿ ಜಗಳ ಆಡಿ, ಮತ್ತೆ ಮೊದಲನೆಯದಕ್ಕೇ ಬಂದರು. ಕಳಶಕ್ಕೆ ಇಷ್ಟು, ಬಾಗಿಲಿಗೆ ಇಷ್ಟು, ಅರಿಶಿನ ಕುಂಕುಮಕ್ಕೆ ಬರೋರಿಗೆ ಇಷ್ಟು ಅಂತ ಎಲ್ಲ ಲೆಕ್ಕ ಹಾಕಿ ಕೊಂಡರು.

ದುಡ್ಡು ಕೊಟ್ಟಾದ ಮೇಲೆ ಹೂವಿನಾಕೆ ಖುಷಿಯಲ್ಲಿ ಕೊಸರು ಅಂತ ಮಲ್ಲಿಗೆ ತುಂಡು ಮಾಡಿದಳು. "ಮುಡ್ಕೊಳ್ರಮ್ಮ" ಅಂತ ನಮಗೆ ಒಂದೊಂದು ಕೊಟ್ಟಳು. ಮೂರು ತುಂಡು. ಅಜ್ಜಿಯ ಹಣೆ ನೋಡಿ ಕೈ ಹಿಂದಕ್ಕೆ ತಗೊಂಡಳು. ಅವಳ ತಪ್ಪಲ್ಲ, ಅವಳಿಗೆ ಅದು ಅಭ್ಯಾಸ. ಅಜ್ಜಿಗೂ ಅಭ್ಯಾಸ. ಅವರು ಆಗಲೇ ಚೀಲದ ಬಾಯಿ ಕಟ್ಟುತ್ತಿದ್ದರು.

ನಮಗೆ ಮಾತ್ರ ಅಲ್ಲೇ ಲೆಕ್ಕ ಹೊಳೆದದ್ದು. ಮ್ಯಾಥ್ಸ್ ತ್ರೀ ಓದೋರು ನಾವು, ಇಷ್ಟು ಸುಲಭದ ಕಳೆಯೋ ಲೆಕ್ಕ ಮಾಡಿರಲಿಲ್ಲ. ಮದುವೆ ದಿನದ 14 ವರ್ಷದ ಅಂತರ ಯಾರಿಗೂ ಕಾಣಲ್ಲ, ಫೋಟೋದಲ್ಲಿ ಇಬ್ಬರೂ ಚೆನ್ನಾಗೇ ಇದ್ದಾರೆ. ಅದರ ಬಿಲ್ಲು ಬರೋದು ಕೊನೆಗೆ. ಅಜ್ಜಿ ಹೂವಿಲ್ಲದೆ 21 ವರ್ಷ ಕಳೆದಿದ್ದಾರೆ. ನಾವು ಹುಟ್ಟಿದಾಗಿಂದ ಅವರನ್ನ ಹೀಗೇ ನೋಡಿದವರು, ಹಾಗಾಗಿ ಏನೂ ಕಮ್ಮಿ ಇದೆ ಅಂತ ಅನ್ನಿಸಿಯೇ ಇರಲಿಲ್ಲ. ಪುಸ್ತಕದ ಪ್ರೊಫೆಸರ್ ನೋಡಿ "ಎಷ್ಟು ಕ್ಯೂಟ್" ಅಂದಿದ್ದೆವಲ್ಲ, ತ್ಸುಗುಮಿಗೆ 70 ಆದಾಗ ಅವನಿರ್ತಾನಾ ಅಂತ ಒಬ್ಬಳೂ ಕೇಳಿರಲಿಲ್ಲ. ತ್ಸುಗುಮಿಗಾದರೂ ಆ ಲೆಕ್ಕ ಹಾಕಿ ಹೂಂ ಅನ್ನೋಕೆ, ಬೇಡ ಅನ್ನೋಕೆ ಅವಕಾಶ ಇತ್ತು. ಅಜ್ಜಿಗೆ ಲೆಕ್ಕ ಹಾಕಿದವರು ಬೇರೆಯವರು, ಬಿಲ್ಲು ಕಟ್ಟಿದ್ದು ಅಜ್ಜಿ.

ವಾಪಸ್ ಬರ್ತಾ ನಮ್ಮಲ್ಲೊಬ್ಬಳು ತನ್ನ ತುಂಡು ಅಜ್ಜಿಗೆ ಹಿಡಿದಳು. "ನೀವು ಮುಡ್ಕೊಳಿ ಅಜ್ಜಿ. ಯಾರು ಏನಂತಾರೆ ಈಗ?"

"ಯಾರೂ ಏನೂ ಅನ್ನಲ್ಲ. ನನಗೇ ಬೇಡ" ಅಂದರು. ಆದರೆ ವಾಪಸ್ ಕೊಡಲಿಲ್ಲ. ಒಮ್ಮೆ ಮೂಸಿ, ಅಂಗೈಯಲ್ಲೇ ಮುಚ್ಚಿಟ್ಟುಕೊಂಡು ನಡೆದರು.

ಹೂವು ಮುಡಿಯೋದು, ಬಿಡೋದು ಅವರಿಷ್ಟ. ಈ ಒಂದು ವಿಷಯದಲ್ಲಾದ್ರೂ ಅವರಿಷ್ಟ ನಡೀಲಿ ಅಂತ ನಾವೂ ಒತ್ತಾಯ ಮಾಡಲಿಲ್ಲ. ಮನೆಗೆ ಬಂದು ಹೂರಣ ರುಬ್ಬೋಕೆ ಸಹಾಯ ಮಾಡೋಣ ಅಂತ ಅಡುಗೆಮನೆಗೆ ಹೋದೆವು. ಮಲ್ಲಿಗೆ ಕಿಟಕಿ ಕಟ್ಟೆ ಮೇಲಿತ್ತು.

ನಿಮ್ಮ ಮನೆಯಲ್ಲೂ ಅಜ್ಜಿ ಇದ್ದರೆ ಈ ರಜೆಯಲ್ಲಿ ಕೇಳಿ ನೋಡಿ. ಎಷ್ಟು ವರ್ಷದ ಅಂತರ ಇತ್ತು ಅಂತ ಅಲ್ಲ, ನಿಮ್ಮನ್ನ ಯಾರಾದ್ರೂ ಕೇಳಿದ್ರಾ ಅಂತ.