ಗಸಿ

ಪಿಯುಸಿ ಸೈನ್ಸ್ ಮಾಡಿದವರಿಗೆ ಸಾಲ್ಟ್ ಅನಾಲಿಸಿಸ್ ನೆನಪಿರಲೇಬೇಕು. ಪೊಟ್ಟಣದಲ್ಲಿ ಚಿಟಿಕೆ ಪುಡಿ ಕೊಟ್ಟು, ಇದರಲ್ಲಿರೋ ಲೋಹ ಯಾವುದು ಹೇಳು ಅನ್ನೋರು. ಹತ್ತನೇ ಕ್ಲಾಸಿನವರೆಗೆ ಹಳ್ಳಿಯಲ್ಲಿ, ಕನ್ನಡ ಮೀಡಿಯಂನಲ್ಲಿ ಓದಿ ಬಂದಿದ್ದ ನನಗೆ ಥಿಯರಿ ಕ್ಲಾಸ್ ಅಂದ್ರೆ ಒಂದು ಗಂಟೆ ಬಾಯಿ ಮುಚ್ಚಿ ಕೂರೋದು. ಉತ್ತರ ಗೊತ್ತಿದ್ರೂ, ನಾನು ಇಂಗ್ಲಿಷ್ ವಾಕ್ಯ ಕಟ್ಟೋ ಹೊತ್ತಿಗೆ ಮುಂದಿನ ಬೆಂಚಿನವರು ಹೇಳಿ ಮುಗಿಸಿರ್ತಿದ್ರು. ಸೈನ್ಸ್ ಬಿಟ್ಟು ಆರ್ಟ್ಸ್‌ಗೆ ಹೋಗ್ಲಾ ಅಂತ ಅಪ್ಪನ್ನ ಕೇಳಿದ್ದೂ ಉಂಟು.

ಲ್ಯಾಬ್ ಮಾತ್ರ ಬೇರೆ. ‘ಪ್ರೆಸಿಪಿಟೇಟ್’ ಅಂದಾಗ ತಲೆಬುಡ ತಿಳೀಲಿಲ್ಲ. ಟೆಸ್ಟ್ ಟ್ಯೂಬಿನ ತಳದಲ್ಲಿ ಕೂತಿದ್ದನ್ನು ನೋಡಿದ ಮೇಲೆ, ಓ, ಗಸಿ! ನಮ್ಮನೆ ಎಣ್ಣೆ ಡಬ್ಬದ ತಳದಲ್ಲಿ ಉಳಿಯುತ್ತಲ್ಲ, ಅಂಥದ್ದೇ.

ನೀರಲ್ಲಿ ಕರಗಿದ ಲೋಹದ ಅಯಾನು ಕಣ್ಣಿಗೆ ಕಾಣಲ್ಲ. ಕರಗದ ಲವಣ ಮಾಡಿದ್ರೆ ಗಸಿಯಾಗಿ ಇಳಿಯುತ್ತೆ. ಕ್ಲೋರೈಡುಗಳು ಬಹುಪಾಲು ಕರಗುತ್ತವೆ. ಸೀಸ, ಬೆಳ್ಳಿಯಂಥವು ಹಟ ಮಾಡ್ತವೆ. ಹಾಗಾಗಿ ಮೊದಲು ಡೈಲ್ಯೂಟ್ ಹೈಡ್ರೋಕ್ಲೋರಿಕ್ ಆಸಿಡ್. ಗಸಿ ಬಂತಾ, ಒಂದನೇ ಗ್ರೂಪ್. ಬರಲಿಲ್ವಾ, ಅದಕ್ಕೇ ಕೊಳೆತ ಮೊಟ್ಟೆ ವಾಸನೆಯ ಹೈಡ್ರೋಜನ್ ಸಲ್ಫೈಡ್. ತಾಮ್ರ ಕಪ್ಪಗೆ ಇಳಿಯುತ್ತೆ, ಸತು ಇಳಿಯಲ್ಲ. ಆಸಿಡ್ ಇದ್ದಾಗ ಸಲ್ಫೈಡ್ ಅಯಾನು ತೀರಾ ಕಮ್ಮಿ. ತಾಮ್ರಕ್ಕೆ ಅಷ್ಟು ಸಾಕು, ಸತುವಿಗೆ ಸಾಲದು. ಅಮೋನಿಯಾ ಹಾಕಿದ ಮೇಲೇ ಅದರ ಸರದಿ. ಇಷ್ಟು ಚೆಂದದ ಲೆಕ್ಕಾಚಾರವನ್ನ ಬರೀ ಟೇಬಲ್ ಮಾಡಿ ಬಾಯಿಪಾಠ ಹೊಡೆಸೋದು ಅನ್ಯಾಯ. ಬಣ್ಣ ನೋಡಿಯೇ ಉತ್ತರ ಹೇಳೋ ಶೂರರೂ ಇದ್ರು. ನೀಲಿ ಅಂದ್ರೆ ತಾಮ್ರ, ಸರಿ. ಬಿಳಿ ಅಂದ್ರೆ?

ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನನಗೆ ಬಂದದ್ದು ಬಿಳಿಯದೇ. ಆಸಿಡ್ ಹನಿಸಿದ್ದೇ ತಡ, ಬೆಳ್ಳನೆ ಗಸಿ. ಹೊರಗಿಂದ ಬಂದ ಎಕ್ಸಾಮಿನರ್ ಪಕ್ಕ ನಿಂತು, ಬೆಳ್ಳಿ ಯಾಕಾಗಿರಬಾರದು ಅಂತ ಇಂಗ್ಲಿಷಲ್ಲಿ ಕೇಳಿದ್ರು. ನಾನು ವಾಕ್ಯ ಹುಡುಕಲಿಲ್ಲ. ನೀರು ಸೇರಿಸಿ ಟ್ಯೂಬನ್ನು ಬರ್ನರ್ ಮೇಲೆ ಹಿಡಿದೆ. ಗಸಿ ಕರಗಿ ತಿಳಿಯಾಯ್ತು. ಬೆಳ್ಳಿ ಕ್ಲೋರೈಡ್ ಬಿಸಿನೀರಿಗೆ ಜಗ್ಗಲ್ಲ. ಸೀಸದ್ದು 100 ಮಿಲಿ ನೀರಲ್ಲಿ 20 ಡಿಗ್ರಿಗೆ ಸುಮಾರು 1 ಗ್ರಾಂ ಕರಗಿದ್ರೆ, ಕುದಿಯುವಾಗ 3 ಗ್ರಾಂಗಿಂತ ಹೆಚ್ಚು. ಬಿಸಿ ಇರುವಾಗಲೇ ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಟ್ಯೂಬನ್ನು ನಲ್ಲಿ ಕೆಳಗೆ ಹಿಡಿದೆ. ತಣ್ಣಗಾಗ್ತಾ ಒಳಗೆಲ್ಲ ಚಿನ್ನದ ಚೂರುಗಳ ಹಾಗೆ ಮಿನುಗುತ್ತಾ ಇಳಿಯತೊಡಗಿತು.

ಅವರೂ ಅದನ್ನೇ ನೋಡ್ತಾ ನಿಂತ್ರು. ಆಮೇಲೆ, ‘ಕ್ಯಾಟಯಾನ್?’

‘ಲೆಡ್, ಸರ್.’

ತಲೆಯಾಡಿಸಿ ಮುಂದಿನ ಟೇಬಲ್‌ಗೆ ಹೋದ್ರು.