ಮಾಯದ ಗಾಯಕ್ಕೆ ಸಿಗ್ನಲ್ ಕಳಿಸೋದು ಹೇಗೆ?

ನಮ್ಮ ಪ್ರಾಜೆಕ್ಟ್ ಬ್ಯಾಚಿನಲ್ಲಿ ನಾವು ಮೂವರು. ಒಬ್ಬ ತುಮಕೂರು, ಒಬ್ಬ ಗುಬ್ಬಿ, ಇನ್ನೊಬ್ಬ ಕುಣಿಗಲ್. ಮೂರೂ ಮನೆಗಳಲ್ಲಿ ಗಾಯಕ್ಕೆ ಮೊದಲ ಮದ್ದು ಅರಿಶಿನ, ರಕ್ತ ನಿಲ್ಲದಿದ್ದರೆ ಕಾಫಿಪುಡಿ. ಕ್ರಿಕೆಟ್ ಆಡಿ ತರಚಿಕೊಂಡ ಮಂಡಿ ವಾರದಲ್ಲಿ ಹಕ್ಕಳೆ ಕಟ್ಟಿ ಉದುರೋದು. ಗಾಯ ಹೇಗೆ ಮಾಯುತ್ತೆ ಅಂತ ನಾವ್ಯಾರೂ ತಲೆ ಕೆಡಿಸ್ಕೊಂಡಿರಲಿಲ್ಲ.

ಹೋದ ವರ್ಷ ಗುಬ್ಬಿಯವನ ತಾತನ ಕಾಲಿಗೆ ತೋಟದಲ್ಲಿ ಏನೋ ಚುಚ್ಚಿತು. ಹಳೇ ಶುಗರ್, ಪಾದಕ್ಕೆ ಸ್ಪರ್ಶವೇ ಇಲ್ಲ. ಅಜ್ಜಿ ನೆಲದ ಮೇಲೆ ರಕ್ತದ ಕಲೆ ನೋಡಿದ ಮೇಲೇ ಗೊತ್ತಾಗಿದ್ದು. ಎರಡು ತಿಂಗಳಾದರೂ ಗಾಯ ಮುಚ್ಚಲಿಲ್ಲ. ಬೆರಳು ತೆಗೀಬೇಕಾಗಬಹುದು ಎಂದ ಡಾಕ್ಟರು, ಅದಕ್ಕೂ ಮೊದಲು ಒಂದು ಜೆಲ್ ಬರೆದುಕೊಟ್ಟರು. ಟ್ಯೂಬಿನ ಮೇಲೆ 'ಇ.ಜಿ.ಎಫ್.' ಅಂತಿತ್ತು. ಏನಿದು ಅಂತ ಮೂವರೂ ಓದಲು ಕೂತೆವು.

ಚರ್ಮದ ಕೋಶಗಳ ಮೇಲೆ ರಿಸೆಪ್ಟರ್ ಎಂಬ ಪ್ರೋಟೀನುಗಳಿವೆ. ಆಂಟೆನಾ ಅಂದ್ಕೊಳ್ಳಿ. ಸರಿಯಾದ ಅಣು ಬಂದು ಕೂತರೆ, 'ಎರಡಾಗು, ಮುಂದೆ ಸರಿ, ಗಾಯ ಮುಚ್ಚು' ಎಂಬ ಸಂದೇಶ ಒಳಗೆ ಹೋಗುತ್ತೆ. ಇ.ಜಿ.ಎಫ್. ಅಂಥ ಒಂದು ಅಣು, 53 ಅಮೈನೋ ಆಮ್ಲಗಳ ಸರಪಳಿ. ಸ್ಟ್ಯಾನ್ಲಿ ಕೋಹೆನ್ ಇದನ್ನು ಕಂಡುಹಿಡಿದದ್ದು ಇಲಿಯ ಜೊಲ್ಲಿನ ಗ್ರಂಥಿಯಲ್ಲಿ. ಆ ಸಾರ ಚುಚ್ಚಿದ ಇಲಿಮರಿಗಳು ಬೇಗ ಕಣ್ಣು ಬಿಟ್ಟವು. 1986ರಲ್ಲಿ ಅವರಿಗೂ ರೀಟಾ ಲೆವಿ-ಮೊಂಟಾಲ್ಚಿನಿ ಅವರಿಗೂ ನೊಬೆಲ್ ಬಂತು. ಹಳೇ ಗಾಯದಲ್ಲಿ ಕಿಣ್ವಗಳು ಇಂಥ ಅಣುಗಳನ್ನು ಕತ್ತರಿಸಿ ಹಾಕುತ್ತವೆ, ಸಿಗ್ನಲ್ ತಲುಪಲ್ಲ. ಅದಕ್ಕೇ ಹೊರಗಿಂದ ಕೊಡೋದು. ಹೈದರಾಬಾದಿನ ಭಾರತ್ ಬಯೋಟೆಕ್‌ನ ರೀಜೆನ್-ಡಿ ಇದೇ ಬಗೆಯದು. ಬೇರೊಂದು ರಿಸೆಪ್ಟರಿಗೆ ಕೂರುವ ಬೆಕಾಪ್ಲರ್ಮಿನ್‌ಗೆ ಅಮೆರಿಕ 1997ರಲ್ಲೇ ಒಪ್ಪಿಗೆ ಕೊಟ್ಟಿತ್ತು.

ಕೆಲವು ರಿಸೆಪ್ಟರುಗಳನ್ನು ಸುಮ್ಮನಾಗಿಸಬೇಕು. ಟೆನ್ಷನ್‌ನಲ್ಲಿ ಉಕ್ಕುವ ಅಡ್ರಿನಲಿನ್, ಬೀಟಾ-2 ರಿಸೆಪ್ಟರ್ ಮೂಲಕ ಚರ್ಮದ ಕೋಶಗಳ ಓಡಾಟ ನಿಧಾನಿಸುತ್ತೆ. ಗ್ಲಾಕೋಮಾಕ್ಕೆ ಕಣ್ಣಿಗೆ ಹಾಕುವ ಟಿಮೊಲಾಲ್ ಅದನ್ನು ತಡೆಯುತ್ತೆ. ಹಾಗಾಗಿ ಕೆಲವು ವೈದ್ಯರು ಅದನ್ನು ಮಾಯದ ಗಾಯಕ್ಕೆ ಹಾಕಿ ನೋಡುತ್ತಿದ್ದಾರೆ. (ನೀವೇ ಹಾಕ್ಕೋಬೇಡಿ!) ಒತ್ತಡದ ಮಾತು ಸುಳ್ಳಲ್ಲ. 1998ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 11 ದಂತವೈದ್ಯ ವಿದ್ಯಾರ್ಥಿಗಳ ಬಾಯೊಳಗೆ ಚಿಕ್ಕ ಗಾಯ ಮಾಡಿದ್ದರು. ರಜೆಗಿಂತ ಪರೀಕ್ಷೆ ಹೊತ್ತಲ್ಲಿ ಅದು ಮಾಯಲು ಸರಾಸರಿ ಮೂರು ದಿನ ಹೆಚ್ಚು ಹಿಡಿಯಿತು. ಇಂಟರ್ನಲ್ಸ್ ಬರೆಯೋ ನಮಗೆ ಇದು ಬೇಗ ಅರ್ಥವಾಯ್ತು.

ಆದರೆ ಸಿಗ್ನಲ್ ಒಂದೇ ಸಾಲದು. ಕಾಲಿಗೆ ರಕ್ತ ಹರಿಯಬೇಕು, ಸೋಂಕು ಹೋಗಬೇಕು, ಸತ್ತ ಮಾಂಸ ತೆಗೀಬೇಕು, ಶುಗರ್ ಇಳೀಬೇಕು, ಮುಖ್ಯವಾಗಿ ಗಾಯದ ಮೇಲೆ ಭಾರ ಬೀಳಬಾರದು. ಅಲ್ಲೇ ಬಂತು ತೊಂದರೆ. "ನಾನು ಕಾಲೂರದೆ ಕೂತ್ರೆ ತೋಟಕ್ಕೆ ನೀರ್ ಯಾರ್ಲಾ ಬಿಡ್ತಾರೆ?" ಅಂದರು ತಾತ. ಭಾನುವಾರಗಳಂದು ನಾವು ರೈಲು ಹತ್ತಿ ಗುಬ್ಬಿಗೆ ಹೋಗಿ ನೀರು ಬಿಟ್ಟೆವು. ಮಿಕ್ಕ ದಿನ ಪಕ್ಕದ ತೋಟದವರು ನೋಡಿಕೊಂಡರು.

ಮೂರು ತಿಂಗಳಿಗೆ ಗಾಯ ಮುಚ್ಚಿತು, ಬೆರಳು ಉಳಿಯಿತು. ಜೆಲ್ಲಿಂದಲೋ, ಕಾಲೂರದೆ ಕೂತಿದ್ದರಿಂದಲೋ, ಒಂದೇ ಕೇಸ್ ನೋಡಿ ಹೇಳಕ್ಕಾಗಲ್ಲ. ಈಗ ಕುಣಿಗಲ್‌ನವನು ಊರಿಗೆ ಹೋದಾಗೆಲ್ಲ ಅಮ್ಮನ ಅಂಗಾಲು ತಿರುಗಿಸಿ ನೋಡ್ತಾನೆ. ನಿಮ್ಮ ಮನೇಲೂ ಶುಗರ್ ಇರೋರಿದ್ದರೆ ಈ ಸಲ ಹೋದಾಗ ನೋಡಿ. ನೋವಿಲ್ಲ ಅಂತ ಅವರು ಹೇಳಿದರೂ ನೋಡಿ.